ಅಳತೆಗೋಲಿನ ಅಳತೆ

ಹೂ ಕೊಳ್ಳುವಾಗ ಹೂವನ್ನಷ್ಟೇ ಅಲ್ಲ, ಮೊಳ ಹಾಕುವವಳ ಕೈಯನ್ನೂ ನೋಡುವುದು ನಮ್ಮ ಮಂಡ್ಯದ ಹೆಂಗಸರಿಗೆ ಹಳೆಯ ಅಭ್ಯಾಸ. ಪೇಟೆಬೀದಿಯಲ್ಲಿ ಉದ್ದ ಕೈಯ ಅಜ್ಜಿಯೊಬ್ಬಳು ಕೂರುತ್ತಿದ್ದಳು. ಅವಳ ಬುಟ್ಟಿಯ ಮುಂದೆ ಯಾವಾಗಲೂ ಜನ. ಪಕ್ಕದಲ್ಲೇ ಅವಳ ಸೊಸೆ, ಗಿಡ್ಡಗಿನ ಹೆಂಗಸು, ಅದೇ ಮಲ್ಲಿಗೆಯನ್ನು ಅದೇ ಬೆಲೆಗೆ ಮಾರುತ್ತಿದ್ದರೂ ಅಜ್ಜಿಯ ಬುಟ್ಟಿ ಖಾಲಿಯಾದ ಮೇಲೆಯೇ ಅವಳ ಸರದಿ. ಒಂದೇ ಮಾಲೆಯನ್ನು ಅಜ್ಜಿ ಅಳೆದರೆ ಹತ್ತು ಮೊಳ, ಸೊಸೆ ಅಳೆದರೆ ಹನ್ನೊಂದು. ಹೂವೇನೂ ಬೆಳೆದಿಲ್ಲ. ಅಳೆಯುವ ಕೈ ಚಿಕ್ಕದು, ಅಷ್ಟೇ. ಈ ಲೆಕ್ಕವನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ನಾನು ಇದೇ ಊರಿನ ಕಾಲೇಜೊಂದರಲ್ಲಿ ಬಹಳ ವರ್ಷ ಭೌತಶಾಸ್ತ್ರ ಪಾಠ ಹೇಳಿದವಳು. ಪ್ರಯೋಗಾಲಯದಲ್ಲಿ ಹುಡುಗಿಯರ ಕೈಗೆ ಸ್ಕ್ರೂಗೇಜು ಕೊಟ್ಟ ಮೊದಲ ದಿನ ಹೇಳುತ್ತಿದ್ದ ಮಾತು ಒಂದೇ: “ತಂತಿಯನ್ನು ಆಮೇಲೆ ಅಳೆಯಿರಿ, ಮೊದಲು ಏನನ್ನೂ ಇಡದೆ ಅಳೆಯಿರಿ.” ಬರಿದೇ ತಿರುಪು ಬಿಗಿ ಮಾಡಿದಾಗ ಸೊನ್ನೆ ತೋರಿಸಬೇಕು. ಮೂರೋ ನಾಲ್ಕೋ ತೋರಿಸಿದರೆ ಅದು ಉಪಕರಣದ ಶೂನ್ಯ ದೋಷ; ಕೊನೆಯಲ್ಲಿ ಅಷ್ಟನ್ನು ಕಳೆಯಬೇಕು ಇಲ್ಲವೇ ಕೂಡಬೇಕು. ನಮ್ಮಲ್ಲಿ ಹನ್ನೆರಡು ಸ್ಕ್ರೂಗೇಜುಗಳಿದ್ದವು, ಸೊನ್ನೆ ತೋರಿಸುತ್ತಿದ್ದುದು ಎರಡೇ. ಪರೀಕ್ಷೆಯ ದಿನ ಆ ಎರಡಕ್ಕೆ ಹುಡುಗಿಯರಲ್ಲಿ ಕಿತ್ತಾಟ. ದೋಷ ಎಷ್ಟೆಂದು ಗೊತ್ತಿದ್ದರೆ ಯಾವ ಗೇಜಾದರೇನು ಎಂದು ನಾನು ಎಷ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ತಮ್ಮ ಬಂದ, ಜೊತೆಗೆ ಅವನ ಮಗಳೂ ಬಂದಳು. ತಮ್ಮನದು ಮದ್ದೂರು ತಾಲ್ಲೂಕಿನ ಹಳ್ಳಿ, ಎರಡೆಕರೆ ಗದ್ದೆ, ಒಂದಿಷ್ಟು ಕಬ್ಬು. ಮಗಳು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ವಂಶದಲ್ಲಿ ಅಷ್ಟು ಓದಿದವಳು ಅವಳೇ ಮೊದಲು. ಒಬ್ಬಟ್ಟು ಎಂದರೆ ಪ್ರಾಣ ಬಿಡುವ ಹುಡುಗಿ ಅವತ್ತು ಅರ್ಧ ತಿಂದು ಎಲೆ ಮಡಚಿದಳು. ರಾತ್ರಿ ಪಾತ್ರೆ ಒರೆಸಿಡುತ್ತಾ ತಾನಾಗಿಯೇ ಬಾಯಿ ಬಿಟ್ಟಳು.

“ಅತ್ತೆ, ನಮ್ಮ ಲ್ಯಾಬಿನ ಮಿಷನ್ನು ಸುಳ್ಳು ಹೇಳ್ತಾ ಇದೆ. ಎಷ್ಟು ದಿನದಿಂದ ಅಂತಾನೂ ಗೊತ್ತಿಲ್ಲ.”

ಆ ಯಂತ್ರ ಏನೆಂದು ಮೊದಲು ಹೇಳಬೇಕು. ಅದೊಂದು ಸೂಕ್ಷ್ಮದರ್ಶಕ, ಆದರೆ ನಾವು ಶಾಲೆಯಲ್ಲಿ ಒಂದು ಕಣ್ಣು ಮುಚ್ಚಿ ಈರುಳ್ಳಿ ಸಿಪ್ಪೆ ನೋಡಿದಂಥದಲ್ಲ. ಇದರಲ್ಲಿ ನೋಡುವುದೇ ಇಲ್ಲ, ಸವರುವುದು. ರಾಗಿ ಬೀಸುವ ಕಲ್ಲು ನುಣುಪಾಯಿತೋ ಇನ್ನೂ ತರಿ ಇದೆಯೋ ಎಂದು ನಮ್ಮಜ್ಜಿ ಕತ್ತಲಲ್ಲೇ ಅಂಗೈ ಆಡಿಸಿ ಹೇಳುತ್ತಿದ್ದಳು, ಹಾಗೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಎಂಬ ಇಬ್ಬರು ೧೯೮೧ರಲ್ಲಿ ಇಂಥ ಮೊದಲ ಯಂತ್ರ ಮಾಡಿದರು. ೧೯೮೬ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಬಿನ್ನಿಗ್ ಇನ್ನಿಬ್ಬರ ಜೊತೆ ಸೇರಿ ಮಾಡಿದ್ದು ಎ.ಎಫ್.ಎಂ., ಅಂದರೆ ಪರಮಾಣು ಬಲ ಸೂಕ್ಷ್ಮದರ್ಶಕ. ಇವಳ ಲ್ಯಾಬಿನಲ್ಲಿದ್ದುದು ಅದು, ಸಾಕಷ್ಟು ವಯಸ್ಸಾದದ್ದು. ಕೂದಲಿಗಿಂತ ತೆಳ್ಳಗಿನ ಒಂದು ಪಟ್ಟಿಯ ತುದಿಗೆ ಸಿಲಿಕಾನಿನ ಮೊನೆ. ಆ ಮೊನೆಯ ತುದಿ ಸುಮಾರು ಹತ್ತು ನ್ಯಾನೊಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೊಮೀಟರು. ನಮ್ಮ ತಲೆಕೂದಲಿನ ದಪ್ಪ ಸುಮಾರು ಎಂಬತ್ತು ಸಾವಿರ. ಮೊನೆ ಉಬ್ಬು ಹತ್ತಿ ತಗ್ಗು ಇಳಿಯುವಾಗ ಪಟ್ಟಿ ಬಾಗುತ್ತದೆ, ಪಟ್ಟಿಯ ಬೆನ್ನ ಮೇಲೆ ಬಿದ್ದ ಲೇಸರ್ ಬೆಳಕು ಅಲುಗುತ್ತದೆ. ಅದನ್ನು ಹಿಡಿದು ಕಂಪ್ಯೂಟರು ಚಿತ್ರ ಬಿಡಿಸುತ್ತದೆ.

ಸವರುವ ಬೆರಳಾಯಿತು. ಆ ಬೆರಳನ್ನು ಆಡಿಸುವ ಕೈ ಯಾವುದು? ನ್ಯಾನೊಮೀಟರಿನಷ್ಟು ಮುಂದೆ ಹೋಗು ಎಂದರೆ ಯಾವ ತಿರುಪೂ ಚಕ್ರವೂ ಹೋಗಲಾರದು. ಅದಕ್ಕೆ ಇರುವುದು ಪೀಜೋ ಎಂಬ ಬಗೆಯ ಪಿಂಗಾಣಿ ಕೊಳವೆ. ಇದಕ್ಕೆ ವಿದ್ಯುತ್ ಕೊಟ್ಟರೆ ಕೂದಲೆಳೆಗಿಂತ ಎಷ್ಟೋ ಕಡಿಮೆ, ಆದರೆ ಲೆಕ್ಕ ಹಾಕಬಹುದಾದಷ್ಟು, ಹಿಗ್ಗುತ್ತದೆ, ಕುಗ್ಗುತ್ತದೆ, ಬಾಗುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ೧೮೮೦ರಲ್ಲಿ ಕಂಡುಹಿಡಿದವರು ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು. ಹೌದು, ನಮ್ಮ ಮೇರಿ ಕ್ಯೂರಿಯ ಗಂಡ ಮತ್ತು ಭಾವ. ಮೇರಿ ಯುರೇನಿಯಂ ಕಿರಣಗಳನ್ನು ಅಳೆಯಲು ಕೂತಾಗ ಬಳಸಿದ್ದು ಇವರಿಬ್ಬರೂ ಇದೇ ಗುಣದಿಂದ ಮಾಡಿದ್ದ ಸೂಕ್ಷ್ಮ ಮಾಪಕವನ್ನು. ರೇಡಿಯಂ ಕತೆಯನ್ನು ಹೇಳುವವರು ಅದಿರನ್ನು ಕುದಿಸಿದ ದೊಡ್ಡ ಕಡಾಯಿಯನ್ನು ಮರೆಯದೆ ಹೇಳುತ್ತಾರೆ, ಈ ಮಾಪಕವನ್ನು ಮಾತ್ರ ಯಾಕೋ ಬಿಟ್ಟುಬಿಡುತ್ತಾರೆ.

ಈ ಪಿಂಗಾಣಿ ಕೈಗೆ ಮನುಷ್ಯರ ಕೈಯಷ್ಟೇ ಚಾಳಿಗಳಿವೆ. ಹೋದ ದಾರಿಯಲ್ಲೇ ವಾಪಸು ಬರುವುದಿಲ್ಲ. ದೂರ ಸರಿದು ನಿಲ್ಲು ಎಂದರೆ, ಇಳಿಜಾರಿನಲ್ಲಿ ನಿಲ್ಲಿಸಿದ ಎತ್ತಿನ ಗಾಡಿಯ ಹಾಗೆ, ನಿಂತ ಮೇಲೂ ಮೆಲ್ಲಗೆ ಜಾರುತ್ತಿರುತ್ತದೆ. ಎಲ್ಲಕ್ಕಿಂತ ದೊಡ್ಡದು ವಯಸ್ಸು. ವರ್ಷ ಕಳೆದಂತೆ ಅಷ್ಟೇ ವಿದ್ಯುತ್ತಿಗೆ ಅದು ಮೊದಲಿನಷ್ಟು ಹಿಗ್ಗುವುದಿಲ್ಲ. ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಅದು ಹಳೆಯ ಲೆಕ್ಕದಲ್ಲೇ, ಇಷ್ಟು ವಿದ್ಯುತ್ ಕೊಟ್ಟೆ ಅಂದ ಮೇಲೆ ಇಷ್ಟು ದೂರ ಹೋಯಿತು ಎಂದು ಬರೆದುಕೊಳ್ಳುತ್ತದೆ. ಕೈ ಗಿಡ್ಡವಾಗಿದೆ, ಮೊಳದ ಎಣಿಕೆ ಏರುತ್ತದೆ. ಈಗ ಹೂವಿನ ಸೊಸೆಯನ್ನು ನೆನಪು ಮಾಡಿಕೊಳ್ಳಿ. ಈಚಿನ ಯಂತ್ರಗಳಲ್ಲಿ ಕೈ ನಿಜಕ್ಕೂ ಎಷ್ಟು ಚಾಚಿತು ಎಂದು ನೋಡಿ ಹೇಳುವ ಬೇರೊಂದು ಮಾಪಕವನ್ನೇ ಕೂರಿಸಿರುತ್ತಾರಂತೆ. ಇವಳ ಪಾಲಿಗೆ ಬಂದದ್ದು ಹಳೆಯದು.

ಹಾಗಾದರೆ ಇಂಥ ಕೈಯನ್ನು ಯಾವುದರಿಂದ ಅಳೆಯುವುದು? ಅದಕ್ಕೆ ಸಿಲಿಕಾನಿನ ಒಂದು ಚೂರು ಸಿಗುತ್ತದೆ, ಹೆಸರುಕಾಳಿನಷ್ಟು ಅಗಲದ್ದು. ಅದರ ಮೇಲೆ ಹೊಲದ ಸಾಲಿನಂತೆ ಸಮದೂರದ ಗೆರೆಗಳು. ಗೆರೆಯಿಂದ ಗೆರೆಗೆ ಮೂರು ಮೈಕ್ರೋಮೀಟರು, ಅಂದರೆ ಮೂರು ಸಾವಿರ ನ್ಯಾನೊಮೀಟರು. ಸಾಲಿನ ಆಳ ನೂರು ನ್ಯಾನೊಮೀಟರು. ಜೊತೆಗೆ ಒಂದು ಪ್ರಮಾಣಪತ್ರ. ಆ ಚೂರನ್ನು ಲೇಸರ್ ಬೆಳಕಿನ ತರಂಗದಿಂದ ಅಳೆದ ಯಾವುದೋ ದೊಡ್ಡ ಪ್ರಯೋಗಾಲಯದ ಗೋಲಿಗೆ ಹೋಲಿಸಿರುತ್ತಾರೆ. ಆ ಬೆಳಕಿನ ಅಳತೆ ಕೊನೆಗೆ ಮೀಟರಿಗೆ ಹೋಗಿ ನಿಲ್ಲುತ್ತದೆ. ಮೀಟರು ಎಂದರೆ ಈಗ ಲೋಹದ ಸಲಾಕೆಯಲ್ಲ. ೧೯೮೩ರಿಂದ, ಬೆಳಕು ಒಂದು ಸೆಕೆಂಡಿನ ೨೯,೯೭,೯೨,೪೫೮ರಲ್ಲಿ ಒಂದು ಪಾಲು ಹೊತ್ತಿನಲ್ಲಿ ನಿರ್ವಾತದಲ್ಲಿ ಕ್ರಮಿಸುವ ದೂರ. ನಮ್ಮ ದೇಶದಲ್ಲಿ ಈ ಪ್ರಮಾಣಗಳನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ತೀರ ಸಣ್ಣದನ್ನು ಅಳೆಯುವವರಿಗೆ ಪ್ರಕೃತಿಯೇ ಮಾಡಿಟ್ಟ ಗೋಲುಗಳೂ ಇವೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟಿನ ಪದರದಲ್ಲಿ ಒಂದು ಮಾದರಿಯಿಂದ ಮುಂದಿನದಕ್ಕೆ ೦.೨೪೬ ನ್ಯಾನೊಮೀಟರು. ಅದನ್ನು ಯಾವ ಕಂಪನಿಯೂ ಮಾಡಿಲ್ಲ, ಪ್ರಮಾಣಪತ್ರವೂ ಬೇಕಿಲ್ಲ.

ಆ ನವೆಂಬರಿನಲ್ಲಿ ಅವಳ ಲ್ಯಾಬಿಗೆ ಹೋಗಿ ಇದನ್ನೆಲ್ಲ ಕಣ್ಣಾರೆ ನೋಡಿಬಂದೆ. ರಾತ್ರಿ ಹತ್ತು ಗಂಟೆಗೆ ಕೆಲಸ ಶುರು, ಏಕೆಂದರೆ ಆಗ ಲಿಫ್ಟು ಓಡುವುದಿಲ್ಲ, ಬಾಗಿಲು ಬಡಿಯುವವರಿಲ್ಲ. ಯಂತ್ರ ಗಾಳಿಯ ಮೇಲೆ ತೇಲುವ ಮೇಜಿನ ಮೇಲೆ ಕೂತಿತ್ತು. ಜೋರಾಗಿ ಮಾತಾಡಬೇಡ ಅತ್ತೆ ಎಂದಳು. ಮಧ್ಯಾಹ್ನದಿಂದಲೇ ಚಾಲೂ ಮಾಡಿಟ್ಟಿದ್ದಳು. ತಣ್ಣಗಿರುವ ಯಂತ್ರ ಕಾಯುವವರೆಗೂ ಎಲ್ಲವೂ ಸರಿದಾಡುತ್ತಲೇ ಇರುತ್ತದಂತೆ. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ನೋಡಿ, ಸೀರೆಯ ನೆರಿಗೆಯನ್ನು ಅವಸರದಲ್ಲಿ ಹಿಡಿದರೆ ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಅಗಲವಾಗುವುದಿಲ್ಲವೇ, ಥೇಟ್ ಹಾಗಿತ್ತು. ಗೆರೆಗಳು ನಿಜದಲ್ಲಿ ಸಮವಾಗಿವೆ. ಸಮವಾಗಿ ಸರಿಯದೆ ಇರುವುದು ಕೈ.

ಅವಳು ಒಂದು ಗೆರೆಯನ್ನು ಅಳೆದು ಬಿಡಲಿಲ್ಲ. ಹತ್ತು ಗೆರೆ ಎಣಿಸಿ, ಮೊದಲಿನದರಿಂದ ಕೊನೆಯದಕ್ಕೆ ಅಳೆದು ಭಾಗಿಸಿದಳು; ಸಣ್ಣ ತಪ್ಪು ಹತ್ತರಲ್ಲಿ ಹಂಚಿಹೋಗುತ್ತದೆ. ಚೂರನ್ನು ಅಡ್ಡಕ್ಕೆ ತಿರುಗಿಸಿ ಇನ್ನೊಮ್ಮೆ, ಏಕೆಂದರೆ ಉದ್ದಕ್ಕೆ ಸರಿಯುವ ಕೈ ಅಗಲಕ್ಕೂ ಅಷ್ಟೇ ಸರಿಯುತ್ತದೆ ಎಂದು ಹೇಳುವಂತಿಲ್ಲ. ಇನ್ನೊಂದು ಜಾಣತನ ನನಗೆ ಬಹಳ ಹಿಡಿಸಿತು. ಗೆರೆಯ ಈ ಅಂಚಿನಿಂದ ಆ ಅಂಚಿಗೆ ಅವಳು ಅಳೆಯುವುದಿಲ್ಲ, ಒಂದು ಗೆರೆಯ ಎಡ ಅಂಚಿನಿಂದ ಮುಂದಿನ ಗೆರೆಯ ಎಡ ಅಂಚಿಗೆ ಅಳೆಯುತ್ತಾಳೆ. ಮೊನೆ ಎಷ್ಟು ಚೂಪಾದರೂ ಅದಕ್ಕೂ ಒಂದು ದಪ್ಪವಿದೆ. ದಪ್ಪ ಬೆರಳಿನಲ್ಲಿ ಸಾಸಿವೆ ಸವರಿದರೆ ಸಾಸಿವೆ ದೊಡ್ಡದಾಗಿ ತೋರುತ್ತದೆ. ಎಡದಿಂದ ಎಡಕ್ಕೆ ಅಳೆದರೆ ಆ ದಪ್ಪ ಎರಡೂ ಕಡೆ ಒಂದೇ ಥರ ಸೇರಿ ವಜಾ ಆಗಿಬಿಡುತ್ತದೆ. ಇದನ್ನು ಯಾವ ಪುಸ್ತಕದಿಂದ ಕಲಿತೆ ಎಂದೆ. “ಪುಸ್ತಕ ಅಲ್ಲ ಅತ್ತೆ, ನನ್ನ ಸೀನಿಯರ್ ಅಕ್ಕ ಹೇಳಿಕೊಟ್ಟದ್ದು” ಎಂದಳು. ಹೇಳಿದವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಏಕೆಂದರೆ ಗಂಟು ಇದ್ದುದು ಅಲ್ಲೇ. ಆಳವನ್ನು ಅಳೆದಾಗ ಪ್ರಮಾಣಪತ್ರ ನೂರು ಎನ್ನುವುದನ್ನು ಯಂತ್ರ ೧೦೯ ಎಂದಿತ್ತು. ಮೂರು ಬೇರೆ ಬೇರೆ ದಿನ ನೋಡಿದಳು, ಮೂರು ದಿನವೂ ೧೦೯ರ ಆಸುಪಾಸು. ಅವಳಿಗಿಂತ ಹಿಂದೆ ಇದೇ ಯಂತ್ರದಲ್ಲಿ ನಾಲ್ಕು ವರ್ಷ ದುಡಿದವಳು ಆ ಸೀನಿಯರ್. ಅವಳೂ ರೈತರ ಮನೆಯ ಹುಡುಗಿ. ಗಾಜಿನ ಮೇಲೆ ಲೇಪಿಸಿದ ತೆಳುಪದರಗಳ ದಪ್ಪ ಅಳೆದು, ನಲವತ್ತು ನ್ಯಾನೊಮೀಟರು ದಪ್ಪವಿದ್ದರೆ ಪದರದಲ್ಲಿ ಸೂಜಿತೂತುಗಳು ಉಳಿಯುವುದಿಲ್ಲ ಎಂದು ತೋರಿಸಿದ್ದಳು. ಪ್ರಬಂಧ ಅಚ್ಚಾಗಿತ್ತು, ಪದವಿ ಬಂದಿತ್ತು, ಬೇರೆ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಆರು ತಿಂಗಳೂ ಆಗಿರಲಿಲ್ಲ. ಈಗ ಲೆಕ್ಕ ಹಾಕಿದರೆ ಆ ನಲವತ್ತು ನಿಜಕ್ಕೆ ಮೂವತ್ತೇಳರ ಹತ್ತಿರ. ಅಥವಾ ಅಲ್ಲದೆಯೂ ಇರಬಹುದು; ಆ ಕಾಲಕ್ಕೆ ಕೈ ಎಷ್ಟು ಕುಗ್ಗಿತ್ತು ಎಂದು ಹೇಳುವವರು ಯಾರು? ಲ್ಯಾಬಿನ ಹಳೆಯ ಗೆರೆಚೂರು ಯಾವಾಗಲೋ ಕಳೆದುಹೋಗಿ, ಹೊಸದು ಬಂದದ್ದೇ ಈಗ.

“ನನ್ನ ಅಂಕಿಗಳನ್ನಷ್ಟೇ ಸರಿ ಮಾಡ್ಕೊಂಡು ಸುಮ್ಮನಿದ್ದುಬಿಡಲಾ?” ಎಂದು ಹಬ್ಬದ ರಾತ್ರಿ ಕೇಳಿದ್ದಳು. “ಹೇಳಿದ್ರೆ ಅಕ್ಕನ ಹೆಸರು ಕೆಡುತ್ತೆ. ಹೇಳ್ದೆ ಇದ್ರೆ ನನ್ನ ಮೂವತ್ತೇಳು ಅವಳ ನಲವತ್ತಕ್ಕೆ ಹೊಂದಲ್ಲ, ತಪ್ಪು ನನ್ನದೇ ಅಂತಾರೆ. ಅಷ್ಟಕ್ಕೂ ಮೂರು ನ್ಯಾನೊಮೀಟರು ಅತ್ತೆ! ಯಾರಿಗೆ ಏನಾಗುತ್ತೆ?”

ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನನ್ನ ತಮ್ಮ ಎಲ್ಲ ಕೇಳಿಸಿಕೊಂಡಿದ್ದ. ನ್ಯಾನೊಮೀಟರು ಅವನಿಗೆ ಗೊತ್ತಿಲ್ಲ. “ಕನ್ನಂಬಾಡಿ ಕಟ್ಟೇಲಿ ಅಡಿಪಟ್ಟಿ ಒಂದಡಿ ತಪ್ಪು ತೋರುಸ್ತು ಅಂದ್ಕೊ” ಎಂದ. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಮಳೆಗಾಲದಲ್ಲಿ ಪತ್ರಿಕೆ ಬಂದರೆ ಮೊದಲು ನೋಡುವುದು ಕಟ್ಟೆಯ ನೀರಿನ ಮಟ್ಟ. ತುಂಬಿದರೆ ೧೨೪.೮೦ ಅಡಿ, ಇದು ಮಗುವಿಗೂ ಬಾಯಿಪಾಠ. ನಾಟಿ ಮಾಡುವುದೋ ಬಿಡುವುದೋ, ಸಾಲ ತೆಗೆಯುವುದೋ ಬೇಡವೋ ಎಂದು ಆ ಅಂಕಿಯನ್ನು ನಂಬಿ ತೀರ್ಮಾನ ಮಾಡುವ ಲಕ್ಷಾಂತರ ಜನರಲ್ಲಿ ಒಬ್ಬರೂ ಹೋಗಿ ಅಡಿಪಟ್ಟಿಯನ್ನು ಅಳೆದು ನೋಡಿಲ್ಲ. ಸೀನಿಯರ್ ಬರೆದ ನಲವತ್ತನ್ನು ನಂಬಿ ಎಲ್ಲೋ ಯಾರೋ ಇನ್ನೊಂದು ಹುಡುಗಿ ಪದರ ಲೇಪಿಸುತ್ತಾ ಕೂತಿರಬಹುದು.

ಆಗ ನನಗೆ ನಮ್ಮಪ್ಪ ನೆನಪಾದರು. ಬೆಲ್ಲದ ಗಾಡಿ ಹೊಡೆದುಕೊಂಡು ಮಂಡಿಗೆ ಬರುತ್ತಿದ್ದ ಕಾಲ. ಒಂದು ಸಲ ತೂಕ ಕಡಿಮೆ ಬಂತೆಂದು, ಮುದ್ರೆ ಬಿದ್ದ ತೂಕದ ಕಲ್ಲುಗಳನ್ನು ಬೇರೆ ಅಂಗಡಿಯಿಂದ ಕೇಳಿ ತಂದು ಆ ತಕ್ಕಡಿಯ ಮೇಲೆ ಇಟ್ಟೇಬಿಟ್ಟರು. ತೂಗುವವನಿಗೆ ಕೆಂಡದಂಥ ಕೋಪ. “ನನ್ ಮ್ಯಾಲೇ ಅನುಮಾನವಾ ಗೌಡ್ರೇ?” ಎಂದ. “ನಿನ್ ಮ್ಯಾಲಲ್ಲ ಕಣಪ್ಪ, ತಕ್ಕಡಿ ಮ್ಯಾಲೆ” ಎಂದರು ಅಪ್ಪ. ಆದರೂ ಅವನು ಆಮೇಲೆ ಎರಡು ವರ್ಷ ನಮ್ಮಪ್ಪನನ್ನು ಮಾತಾಡಿಸಲಿಲ್ಲವಂತೆ. ತಕ್ಕಡಿಗೆ ಹೇಳಿದ್ದು ಮನುಷ್ಯನಿಗೆ ತಾಗದ ಹಾಗೆ ಹೇಳುವುದು ಸುಲಭವಲ್ಲ.

ಇದೇ ನೆಲದಲ್ಲಿ ದೂರವನ್ನು ಅಳೆದು ಹೆಸರಾದ ಒಬ್ಬನ ವಿಷಯವನ್ನೂ ಅವತ್ತು ಅವಳಿಗೆ ಹೇಳಿದೆ. ೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಯುದ್ಧವಾಯಿತಲ್ಲ, ಆಮೇಲೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ದಂಡಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಮುಂದೆ ಭಾರತದ ಮಹಾ ತ್ರಿಕೋನ ಮೋಜಣಿ ಶುರು ಮಾಡಿದವನು ಇವನೇ. ೧೮೦೨ರಲ್ಲಿ ಮದ್ರಾಸಿನ ಬಳಿ, ೧೮೦೪ರಲ್ಲಿ ಬೆಂಗಳೂರಿನ ಬಳಿ ಮೈಲಿಗಟ್ಟಲೆ ನೆಲವನ್ನು ನೂರಡಿಯ ಉಕ್ಕಿನ ಸರಪಳಿಯಿಂದ ಅಳೆಸಿದ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ನೆರಳು ಮಾಡಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಲೆಕ್ಕ ಬರೆಸುತ್ತಿದ್ದ. ಎಳೆದೆಳೆದು ಸರಪಳಿಯ ಕೀಲುಗಳು ಸವೆಯುತ್ತವೆ. ಅದಕ್ಕಾಗಿ ಇನ್ನೊಂದು ಸರಪಳಿಯನ್ನು ನೆಲಕ್ಕೆ ಇಳಿಸದೆ ಜೋಪಾನ ಮಾಡಿ, ಕೆಲಸದ ಸರಪಳಿಯನ್ನು ಆಗಾಗ ಅದಕ್ಕೆ ಹೋಲಿಸುತ್ತಿದ್ದ. ಬೆಂಗಳೂರಿನ ಗೆರೆ ಅಳೆದದ್ದಂತೂ ತನ್ನನ್ನೇ ಪರೀಕ್ಷಿಸಿಕೊಳ್ಳಲು. ಮದ್ರಾಸಿನಿಂದ ತ್ರಿಕೋನಗಳ ಲೆಕ್ಕದಲ್ಲಿ ಬಂದ ಉದ್ದಕ್ಕೂ ಸರಪಳಿ ಹೇಳುವ ಉದ್ದಕ್ಕೂ ತಾಳೆಯಾಗುತ್ತದೋ ನೋಡಲು. ವ್ಯತ್ಯಾಸ ಕೆಲವೇ ಅಂಗುಲ ಬಂತು. ಯಾರೂ ಅವನ ಮೇಲೆ ಅನುಮಾನ ಪಟ್ಟಿರಲಿಲ್ಲ, ಅವನೇ ತನ್ನ ಸರಪಳಿಯ ಮೇಲೆ ಪಟ್ಟ.

“ಮೊದ್ಲು ನಿನ್ನ ಅಕ್ಕನಿಗೆ ಹೇಳವ್ವ, ಗೈಡಿಗೆ ಆಮೇಲೆ ಹೇಳು” ಎಂದೆ. “ಅವಳು ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡ್ಬೇಡ. ಆದರೆ ಇಬ್ಬರಿಗೂ ಹೇಳು.” ನನ್ನ ಮಾತಿನಿಂದ ಅವಳಿಗೆ ಸಮಾಧಾನವಾಯಿತೆಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ಬಸ್ಸು ಹತ್ತುವಾಗಲೂ ಮುಖ ಬಾಡಿತ್ತು.

ಅವಳು ಕಾಗದ ಬರೆದಂತೆ ಉದ್ದಕ್ಕೆ ಬರೆದು ಕಳಿಸಿದಳು. ಮೂರು ವಾರ ಉತ್ತರವಿಲ್ಲ. ನಾಲ್ಕನೆಯ ವಾರ ಫೋನು ಬಂತು. ಆ ಕಡೆಯಿಂದ ಮೊದಲ ಮಾತೇ, “ನನ್ನ ಮೇಲೆ ಅನುಮಾನವಾ?” ಇವಳು ಅಜ್ಜನ ಮಾತನ್ನೇ ಹೇಳಿದಳಂತೆ. ಆ ಹುಡುಗಿ ಅತ್ತಳು, ಇವಳೂ ಅತ್ತಳು. ತಾನು ಸೇರಿದ ದಿನದಿಂದ ಯಾರೂ ಆ ಯಂತ್ರದ ಲೆಕ್ಕವನ್ನು ಮುಟ್ಟಿದ್ದನ್ನು ಕಾಣೆ, ಅದು ಸರಿಯಾಗಿದೆ ಎಂದೇ ಹಿಂದಿನವರು ಕೈಗಿಟ್ಟು ಹೋದರು ಎಂದಳಂತೆ. ಅವಳ ಮಾತೂ ನಿಜವೇ. ಹೊಸದಾಗಿ ಬಂದ ಸೊಸೆಗೆ ಅತ್ತೆಮನೆಯ ಪಾವು ಸರಿಯಿದೆಯೋ ಎಂದು ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಗೈಡು ಕೇಳಿದವರೇ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆಯ ಮಾದರಿಗಳು ಏನಾದರೂ ಉಳಿದಿವೆಯೇ ಎಂದು ಕೇಳಿದರಂತೆ. ಅದೇ ಸರಿಯಾದ ಪ್ರಶ್ನೆ. ಕೈ ಆಗ ಎಷ್ಟು ಉದ್ದವಿತ್ತೆಂದು ಈಗ ತಿಳಿಯುವಂತಿಲ್ಲ. ಆದರೆ ಆಗಿನ ಮಾಲೆಯೇ ಇದ್ದರೆ ಈಗಿನ ಸರಿಯಾದ ಕೈಯಿಂದ ಮತ್ತೆ ಅಳೆಯಬಹುದಲ್ಲ. ಐದು ಮಾದರಿಗಳಲ್ಲಿ ಮೂರು, ತೇವ ತಾಗದ ಗಾಜಿನ ಡಬ್ಬಿಯೊಂದರ ತಳದಲ್ಲಿ ಸೀನಿಯರ್ ಕೈಬರಹದ ಚೀಟಿಯೊಂದಿಗೇ ಸಿಕ್ಕವು. ಉಳಿದೆರಡಕ್ಕಾಗಿ ಒಂದು ಭಾನುವಾರ ಆ ಹುಡುಗಿಯೇ ರಾತ್ರಿ ಬಸ್ಸಿನಲ್ಲಿ ಬಂದಳು. ಇಬ್ಬರೂ ಸೇರಿ ಕಪಾಟು ಪೂರ್ತಿ ಇಳಿಸಿ ಹುಡುಕಿದರು, ಸಿಗಲಿಲ್ಲ. ಬಂದದ್ದಕ್ಕೆ ಇರುವ ಮೂರನ್ನು ಇಬ್ಬರೂ ಕೂತು ಅಳೆದರು. ನಲವತ್ತು ಎಂದು ಬರೆದದ್ದು ೩೭.೨ ಬಂತು. ಆರು ತಿಂಗಳ ನಂತರ ಪತ್ರಿಕೆಯಲ್ಲಿ ಅರ್ಧ ಪುಟದ ತಿದ್ದುಪಡಿ ಅಚ್ಚಾಯಿತು, ಮೊದಲ ಹೆಸರು ಸೀನಿಯರದ್ದು, ಎರಡನೆಯದು ನಮ್ಮ ಹುಡುಗಿಯದು. ಸಿಗದ ಎರಡು ಮಾದರಿಗಳ ಅಂಕಿಯ ಮುಂದೆ, ಇಷ್ಟು ಹೆಚ್ಚುಕಡಿಮೆ ಇರಬಹುದು ಎಂದು ದೊಡ್ಡದಾಗಿಯೇ ಬರೆದಿದ್ದಾರೆ. ಆ ಹುಡುಗಿಯ ಕೆಲಸಕ್ಕೆ ಏನೂ ಆಗಲಿಲ್ಲ. ಆಗಬಹುದೆಂದು ಅವಳು ಹೆದರಿದ್ದ ಆ ದಿನಗಳನ್ನು ಮಾತ್ರ ಯಾರೂ ವಾಪಸು ಕೊಡಲಾರರು.

ಈಗ ಯಂತ್ರದ ಪಕ್ಕ ದಾರ ಕಟ್ಟಿ ಒಂದು ನೋಟ್‌ಬುಕ್ಕು ತೂಗುಹಾಕಿದ್ದಾರೆ, ಹಾಲಿನವನ ಲೆಕ್ಕದ ಪುಸ್ತಕದ ಹಾಗೆ. ತಿಂಗಳ ಮೊದಲ ಸೋಮವಾರ ಗೆರೆಚೂರನ್ನು ಇಟ್ಟು ಅಳೆದು ದಿನಾಂಕ, ಕೋಣೆಯ ಉಷ್ಣಾಂಶ, ಬಂದ ಅಂಕಿ, ಅಳೆದವರ ಸಹಿ ಹಾಕಬೇಕು. ಲೆಕ್ಕ ತಿದ್ದಿದ ತಿಂಗಳು ೧೦೦.೧ ಇತ್ತು. ಹೋದ ವಾರ ಫೋನು ಮಾಡಿದಾಗ ನಾನೇ ಕೇಳಿದೆ.

“೧೦೧.೩ ಅತ್ತೆ. ಮತ್ತೆ ಕುಗ್ತಾ ಇದೆ. ನಾಳೆ ತಿದ್ದಬೇಕು” ಎಂದಳು.